ಮುಯ್ಯಾಳಿನ ಕೂಲಿ

ಯಾಕೆ ಅಂತ ಕೇಳದಿದ್ದರೆ ನನಗೆ ಉಂಡ ಅನ್ನ ಅರಗುವುದಿಲ್ಲ. ಹುಟ್ಟಿನಿಂದ ಬಂದ ಚಾಳಿ. ಮಂಡ್ಯ ಪೇಟೆಯಲ್ಲಿ ಬೆಳೆದ ನನ್ನನ್ನು ಮದ್ದೂರು ಮಳವಳ್ಳಿ ನಡುವಿನ ಈ ಊರಿಗೆ ಕೊಟ್ಟಾಗ ನಮ್ಮತ್ತೆ ಮೊದಲ ವಾರದಲ್ಲೇ ಕೈ ಮುಗಿದು, "ಕೇಳೋದ್ನ ಕೇಳವ್ವ, ಬ್ಯಾಡ ಅನ್ನಕಿಲ್ಲ. ಬೀದೀಲಿ ನಿಂತ್ಕಂಡು ಮಾತ್ರ ಕೇಳ್ಬ್ಯಾಡ" ಎಂದಿದ್ದರು. ಆಮೇಲೆ ಬಸ್ಸು ನಿಲ್ಲುವ ಜಾಗದ ಪಕ್ಕ ಒಂದು ಕಂಪ್ಯೂಟರು, ಒಂದು ಪ್ರಿಂಟರು, ಹೆಬ್ಬೆಟ್ಟು ಒತ್ತಿಸಿಕೊಳ್ಳುವ ಸಣ್ಣ ಮಿಷಿನ್ನು ಇಟ್ಟುಕೊಂಡು ಸೇವಾ ಕೇಂದ್ರ ತೆರೆದೆ. ನನ್ನ ಚಾಳಿಗೆ ಲೈಸೆನ್ಸು ಸಿಕ್ಕಂತಾಯಿತು. ಅರ್ಜಿ ತುಂಬುವವಳು ವಯಸ್ಸು ಕೇಳಬೇಕು, ಜಮೀನು ಎಷ್ಟು ಗುಂಟೆ ಅಂತ ಕೇಳಬೇಕು, ಗಂಡ ಇದ್ದಾನೋ ಬಿಟ್ಟಿದ್ದಾನೋ ಅಂತಲೂ ಕೇಳಬೇಕು. ಯಾರೂ ತಪ್ಪು ತಿಳಿಯುವುದಿಲ್ಲ. ಊರಿನವರ ಬಾಯಲ್ಲಿ ನಾನು ಕಂಪ್ಯೂಟ್ರವ್ವ.

ಹೋದ ವರ್ಷ, ಅವರೆಕಾಯಿ ಬರುವುದಕ್ಕೆ ಸ್ವಲ್ಪ ಮುಂಚೆ, ಕಬ್ಬಿನ ಟ್ರ್ಯಾಕ್ಟರುಗಳು ರಸ್ತೆ ತುಂಬ ಜಲ್ಲೆ ಚೆಲ್ಲಿಕೊಂಡು ಓಡಾಡುತ್ತಿದ್ದ ದಿನಗಳಲ್ಲಿ, ಕೆಳಗಲ ಬೀದಿಯ ಅಕ್ಕ ನನ್ನ ಅಂಗಡಿಗೆ ಬಂದಳು. ಒಡಹುಟ್ಟಿದವಳಲ್ಲ, ಬಾಯಿಮಾತಿನ ಅಕ್ಕ. ಐವತ್ತು ದಾಟಿದ ಹೆಂಗಸು, ತವರು ಕೊತ್ತತ್ತಿ, ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು. ಅವಳ ನೆತ್ತಿಯ ಮೇಲೆ ರೊಟ್ಟಿಯಗಲ ಕೂದಲು ತೆಳ್ಳಗಾಗಿತ್ತು. ಸಿಮೆಂಟಿನ ಬಾಂಡ್ಲಿ ಹೊರುವವರು ತಲೆಗೆ ಇಟ್ಟುಕೊಳ್ಳುವ ಬಟ್ಟೆಯ ಸಿಂಬಿ ವರ್ಷಗಟ್ಟಲೆ ಉಜ್ಜಿದ ಗುರುತು ಅದು. ಕೂತ್ಕೋ ಅಂದರೆ ಕೂರಲಿಲ್ಲ. ಗೋಡೆಗೆ ಒರಗಿ ನಿಂತಳು.

"ಯಾಕಕ್ಕ, ಸ್ಟೂಲು ಕಚ್ಚುತ್ತಾ?" ಎಂದೆ.

ಜೆರಾಕ್ಸಿಗೆ ಬಂದಿದ್ದ ಗಂಡಸು ಹೋಗುವ ತನಕ ಕಾದಳು. ಆಮೇಲೆ ತಗ್ಗಿದ ದನಿಯಲ್ಲಿ, "ಗರ್ಬಕೋಸ ಜಾರೈತಂತೆ ಕಣವ್ವ. ತಗುಸ್ಬೇಕು ಅಂದ್ರು ಮಂಡ್ಯದಲ್ಲಿ" ಎಂದಳು. ಎಷ್ಟು ದಿನದಿಂದ ಹೀಗಿದೆ ಎಂದು ಕೇಳಿದೆ. ಹಳೇ ಪಂಚೆಯನ್ನು ಹರಿದು ಕಿಬ್ಬೊಟ್ಟೆಗೆ ಬಿಗಿದು ಕಟ್ಟಿಕೊಂಡು ಒಂದು ಬೇಸಿಗೆ ಒಂದು ಮಳೆಗಾಲ ಕಳೆದಿದ್ದಾಳಂತೆ. ಇನ್ನು ತಡ ಮಾಡುವ ಹಾಗಿಲ್ಲ ಎಂದು ಡಾಕ್ಟರು ಹೇಳಿದ್ದರು.

ಆಪರೇಷನ್ನಿಗೆ ದಾರಿ ಏನು ಎಂದು ಇಬ್ಬರೂ ಲೆಕ್ಕ ಹಾಕಿದೆವು. ಮಗ ಬಾಡಿಗೆ ಓಡಿಸಲೆಂದು ಹಳೇ ಕಾರೊಂದನ್ನು ಕಂತಿನ ಮೇಲೆ ತಂದಿದ್ದ. ಕಾರಿರುವ ಮನೆಗೆ ಬಡವರ ಕಾರ್ಡೇಕೆ ಎಂದು ರೇಷನ್ ಕಾರ್ಡು ಬಿಪಿಎಲ್‌ನಿಂದ ಎಪಿಎಲ್‌ಗೆ ಹಾರಿತ್ತು. ಅಲ್ಲಿಗೆ ಬಿಟ್ಟಿ ಆಪರೇಷನ್ನಿನ ದಾರಿ ಮುಚ್ಚಿತು. ಉಳಿದದ್ದು ಕಟ್ಟಡ ಕಾರ್ಮಿಕರ ಕಾರ್ಡು ಒಂದೇ. ಹಿಂದೆ ಮಳವಳ್ಳಿಯ ಮೇಸ್ತ್ರಿಯೊಬ್ಬನ ಕೈಕೆಳಗೆ ಗಾರೆ ಕೆಲಸಕ್ಕೆ ಹೋಗುತ್ತಿದ್ದಾಗ ಮಾಡಿಸಿದ್ದು. ಅದು ಚಾಲ್ತಿಯಲ್ಲಿದ್ದರೆ ಇಂಥ ಆಪರೇಷನ್ನಿಗೆ ಸಹಾಯಧನ ಬರುತ್ತದೆ. ಆದರೆ ಆ ತಿಂಗಳ ಕೊನೆಗೆ ಅದರ ಅವಧಿ ಮುಗಿಯುತ್ತಿತ್ತು. ಮತ್ತೆ ಚಾಲ್ತಿ ಮಾಡಿಸಬೇಕೆಂದರೆ ಹಿಂದಿನ ಒಂದು ವರ್ಷದಲ್ಲಿ ತೊಂಬತ್ತು ದಿನ ಕಟ್ಟಡದ ಕೆಲಸ ಮಾಡಿರಬೇಕು, ಮಾಡಿಸಿಕೊಂಡವರು ಹೌದು ಅನ್ನಬೇಕು.

"ತೊಂಬತ್ತು ದಿನ ಮಾಡಿದ್ದೀಯಾ?" ಎಂದೆ.

"ಮಾಡ್ದೆ ಇನ್ನೇನು. ಈ ಊರಲ್ಲಿ ಈಚ್ಗೆ ಎದ್ದಿರೋ ಗ್ರಾಂಟ್ ಮನೆ ಎಲ್ಲಾದ್ರಲ್ಲೂ ನನ್ ಕೈ ಐತೆ."

ಸರಿ, ಇದು ಸಲೀಸು ಅಂದುಕೊಂಡೆ. ಅರ್ಜಿ ತುಂಬಿ ಕಳಿಸಿದೆ. ನಮ್ಮ ಹಿತ್ತಲಿಗೆ ಹಿತ್ತಲು ಸೇರಿದ ಹಿಂದಲ ಮನೆಯವಳು, ತನ್ನ ಮನೆಗೆ ಅಕ್ಕ ದುಡಿದಿದ್ದಾಳೆ ಎಂದು ಸಹಿ ಹಾಕಿಕೊಟ್ಟಳು. ವಾರ ಕಳೆದಿತ್ತೋ ಇಲ್ಲವೋ, ಅಕ್ಕ ನನ್ನ ಅಂಗಡಿಯಲ್ಲಿ ನಿಂತಿರುವಾಗಲೇ ಅವಳ ಫೋನು ಬಡಿದುಕೊಂಡಿತು. ಕಾರ್ಮಿಕ ಕಚೇರಿಯಿಂದ ವಿಚಾರಣೆ. ನಾನೇ ಸ್ಪೀಕರು ಹಾಕಿದೆ.

"ಅಮ್ಮ, ನೀವು ಕೂಲಿ ಕೆಲಸಕ್ಕೆ ಹೋಗ್ತೀರಾ?" ಅಂದಿತು ಆ ಕಡೆಯ ಗಂಡು ದನಿ.

"ಇಲ್ಲ ಸ್ವಾಮಿ. ನಾನ್ಯಾಕೆ ಕೂಲಿಗೋಗ್ಲಿ" ಅಂದಳು ಅಕ್ಕ, ಸೆಟೆದುಕೊಂಡು.

ನಾನು ಮೇಜಿನ ಈ ಕಡೆಯಿಂದ ಕೈ ಆಡಿಸಿದೆ, ತಲೆ ಆಡಿಸಿದೆ, ಕಣ್ಣು ಕೆಕ್ಕರಿಸಿದೆ. ಅವಳು ನನ್ನ ಕಡೆ ತಿರುಗಿಯೂ ನೋಡಲಿಲ್ಲ.

"ಮತ್ತೆ ಯಾರ ಹತ್ರ ಕೆಲಸ ಮಾಡೋದು?"

"ಯಾರತ್ರಾನೂ ಇಲ್ಲ."

"ದಿನಕ್ಕೆ ಎಷ್ಟು ಕೊಡ್ತಾರೆ?"

"ಯಾರೂ ಏನೂ ಕೊಡಕಿಲ್ಲ, ನಾನೂ ಈಸ್ಕಳಕಿಲ್ಲ."

"ಸರಿ ಬಿಡಿ" ಎಂದು ಆ ಕಡೆಯವನು ಇಟ್ಟುಬಿಟ್ಟ. ಮಾರನೇ ದಿನವೇ ಅರ್ಜಿ ತಿರಸ್ಕಾರವಾಗಿ ಬಂತು. ಅರ್ಜಿದಾರರು ಕಾರ್ಮಿಕರಲ್ಲ ಅಂತ ಕಾರಣ.

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಅವಳ ಮನೆಗೇ ಹೋದೆ. ಗೋಡೆ ಎದ್ದು ತಾರಸಿ ಇಲ್ಲದೆ ನಿಂತಿದ್ದ ಹೊಸ ಮನೆಯ ಪಕ್ಕ, ತಗಡಿನ ಷೆಡ್ಡಿನಲ್ಲಿ ಸೊಪ್ಪು ಬಿಡಿಸುತ್ತ ಕೂತಿದ್ದಳು. "ಏನಕ್ಕ, ನಿನಗೆ ಬುದ್ಧಿಗಿದ್ಧಿ ಐತಾ? ನೀನು ಜಲ್ಲಿ ಹೊತ್ತಿಲ್ವಾ?" ಎಂದೆ.

"ಒತ್ತಿವ್ನಿ."

"ಸಿಮೆಂಟು ಹೊತ್ತಿಲ್ವಾ?"

"ಒತ್ತಿವ್ನಿ."

"ಮತ್ತೆ ಕೂಲಿ ಮಾಡಿಲ್ಲ ಅಂದ್ಯಲ್ಲ?"

"ಅದು ಮುಯ್ಯಿ ಕಣವ್ವ. ಮುಯ್ಯಿಗೆ ಯಾರಾರ ಕೂಲಿ ಅಂತಾರಾ?" ನನ್ನನ್ನೇ ಪೆದ್ದಿ ಅನ್ನುವ ಹಾಗೆ ನೋಡಿದಳು.

ಮುಯ್ಯಾಳು ಎಂಬ ಮಾತು ನನಗೇನೂ ಹೊಸದಲ್ಲ. ನಾಟಿ ಕಾಲದಲ್ಲಿ ಇವತ್ತು ನನ್ನ ಗದ್ದೆಗೆ ನೀವು, ನಾಳೆ ನಿಮ್ಮ ಗದ್ದೆಗೆ ನಾನು ಎಂದು ಆಳಿಗೆ ಆಳು ಹೋಗುವುದು. ನಾಟಿಗೆ ಮಿಷಿನ್ನು ಬಂದಮೇಲೆ ಅದು ಸತ್ತೇಹೋಯಿತು ಎಂದು ತಿಳಿದಿದ್ದೆ. ಸತ್ತಿರಲಿಲ್ಲ, ಗದ್ದೆ ಬಿಟ್ಟು ತಾರಸಿ ಹತ್ತಿತ್ತು. ಸರ್ಕಾರದ ಗ್ರಾಂಟಿನಲ್ಲಿ ಮನೆ ಕಟ್ಟುವವರಿಗೆ ಇಟ್ಟಿಗೆ, ಕಂಬಿ, ಗಾರೆಯವನ ಕೂಲಿ ಕೊಡುವ ಹೊತ್ತಿಗೆ ಕೈ ಬರಿದಾಗುತ್ತದೆ. ಹಾಗಾಗಿ ಈ ಹೆಂಗಸರೆಲ್ಲ ಮಾತಾಡಿಕೊಂಡು, ಪಾಯ ತೋಡುವುದು, ಇಟ್ಟಿಗೆ ಸಾಗಿಸುವುದು, ತಾರಸಿಗೆ ಮೋಲ್ಡು ಹಾಕುವ ದಿನ ಕಾಂಕ್ರೀಟು ಹೊರುವುದು, ಎಲ್ಲವನ್ನೂ ಮುಯ್ಯಿಯಲ್ಲಿ ಮಾಡಿಕೊಂಡು ಬರುತ್ತಿದ್ದರು. ಬೀದಿಯಲ್ಲಿ ದಿನಾ ಓಡಾಡುವ ನನಗೆ ಅದು ಕಂಡಿತ್ತು, ಆದರೆ ಏನೆಂದು ತಿಳಿದಿರಲಿಲ್ಲ. ಸಂಬಳದವರ ಮನೆಯವಳಾದ ನನ್ನನ್ನು ಯಾರೂ ಒಂದು ದಿನವೂ ಮುಯ್ಯಿಗೆ ಕರೆದಿರಲಿಲ್ಲ.

"ಫೋನಲ್ಲಿ ಒಂದು ಸಲ ಕೂಲಿ ಅಂದುಬಿಟ್ಟಿದ್ದರೆ ನಿನ್ನ ಗಂಟೇನು ಹೋಗ್ತಿತ್ತು?" ಎಂದೆ.

"ಬಾಣಂತಿ ನೋಡಕೆ ಬಂದೋರ್ಗೆ ಬಸ್ ಚಾರ್ಜು ಕೊಟ್ರೆ ಎಂಗಿರ್ತದೆ ಯೋಳು. ಅಂಗಾಯ್ತದೆ ಮುಯ್ಯಿಗೆ ಕೂಲಿ ಅಂದ್ರೆ. ನಾನು ಅವ್ರ ಮನೇಲಿ ಕೂಲಿ ಮಾಡ್ದೆ ಅಂದ್ರೆ, ಅವ್ರು ನನ್ನೋರಲ್ಲ ಅಂದಂಗಲ್ವಾ?"

ಅವಳು ಹೇಳಿದ್ದು ನನಗೆ ಅರ್ಥವಾಯಿತು. ಅರ್ಥವಾದದ್ದರಿಂದ ಸಿಟ್ಟೇನೂ ಇಳಿಯಲಿಲ್ಲ. ಕಿಬ್ಬೊಟ್ಟೆಗೆ ಪಂಚೆ ಬಿಗಿದುಕೊಂಡು ನಿಂತವಳಿಗೆ ಇಷ್ಟು ಬಿಗುಮಾನ ಬೇಕೇ ಎಂದು ಬೈದುಕೊಂಡೇ ಮನೆಗೆ ಬಂದೆ. ಆದರೆ ತಲೆಗೆ ಹುಳ ಹೊಕ್ಕಿತ್ತು. ಕೂಲಿ ಇಲ್ಲದ ಕೆಲಸ ಕೆಲಸವೋ ಅಲ್ಲವೋ? ಆ ಮನೆಗಳು ನಿಂತಿವೆ, ಅವುಗಳೊಳಗೆ ಜನ ಒಲೆ ಹಚ್ಚುತ್ತಿದ್ದಾರೆ. ಹೊತ್ತವರು ಮಾತ್ರ ಕಾರ್ಮಿಕರಲ್ಲ. ಅವರ ಜೊತೆ ನಿಂತು ಅದೇ ಗೋಡೆಗೆ ಗಾರೆ ಬಳಿದ ಮೇಸ್ತ್ರಿ ಕೂಲಿ ತೆಗೆದುಕೊಂಡಿದ್ದ, ಅವನ ಕಾರ್ಡು ಚಾಲ್ತಿಯಾಗಿತ್ತು. ಅದನ್ನೂ ನಾನೇ ತುಂಬಿ ಕಳಿಸಿದ್ದೆ.

ಮತ್ತೊಮ್ಮೆ ಅರ್ಜಿ ಹಾಕುವ ಮುಂಚೆ ತೊಂಬತ್ತು ದಿನವನ್ನು ಗಟ್ಟಿ ಮಾಡಿಕೊಳ್ಳೋಣ ಎಂದು ಆ ಗುಂಪಿನ ಹೆಂಗಸರನ್ನೆಲ್ಲ ಮಧ್ಯಾಹ್ನ ಅಂಗಡಿಗೆ ಕರೆದೆ. ಯಾವ ತಾರೀಕು ಯಾರ ಮನೆಗೆ ಹೋಗಿದ್ದಿರಿ ಎಂದು ಕೇಳಿದೆ. ಒಬ್ಬರಿಗೂ ತಾರೀಕು ಗೊತ್ತಿಲ್ಲ. ವಾರವೂ ಗೊತ್ತಿಲ್ಲ. ನಾನು ಹಣೆ ಚಚ್ಚಿಕೊಳ್ಳುವುದರಲ್ಲಿದ್ದೆ. ಅಷ್ಟರಲ್ಲಿ ಹಿಂದಲ ಮನೆಯವಳು ಎಲೆಅಡಿಕೆ ಒಂದು ಕೆನ್ನೆಯಿಂದ ಇನ್ನೊಂದು ಕೆನ್ನೆಗೆ ತಳ್ಳಿ, "ನಮ್ಮನೆ ಪಾಯ ತೋಡ್ದಾಗ ಉರುಳಿಕಾಳು ಬಸ್ಸಾರು" ಎಂದಳು.

"ಬಸ್ಸಾರಲ್ಲ ಕಣೇ, ಉಪ್ಸಾರು. ನಿಮ್ಮತ್ತೆ ಕಾರ ಜಾಸ್ತಿ ಆಕಿ ನಂಗೆ ಬಿಕ್ಳಿಕೆ ಅತ್ಕಂಡಿರ್ನಿಲ್ವಾ" ಅಂದಳು ಅಕ್ಕ.

"ಅದು ಎಲ್ಡನೇ ದಿನ. ಮೊದ್ಲು ದಿನ ಬಸ್ಸಾರೇಯ."

ಮುಯ್ಯಿಗೆ ಬಂದವರಿಗೆ ಆ ಮನೆಯವರು ಮಧ್ಯಾಹ್ನದ ಊಟ ಹಾಕಬೇಕು. ಇವರು ದಿನಗಳನ್ನು ನೆನಪಿಟ್ಟುಕೊಂಡದ್ದು ಸಾರಿನಿಂದ. ನನಗೆ ರೋಮಾಂಚನವಾಯಿತು. ಒಂದೊಂದು ಮನೆಯನ್ನೂ ಪಾಯದಿಂದ ತಾರಸಿಯವರೆಗೆ ಸಾರಿನ ಮೇಲೆ ಹತ್ತಿಸಿಕೊಂಡು ಹೋದರು. ಮೊಳಕೆಕಾಳಿನ ದಿನ ಕಿಟಕಿಯ ಮಟ್ಟ. ಸೊಪ್ಪಿನ ದಿನ ಲಿಂಟಲು. ಮೊಟ್ಟೆಸಾರಿನ ದಿನ ಮಳೆ ಬಂದು ಅರ್ಧ ದಿನ. ಮೋಲ್ಡಿನ ದಿನ ಯಾವ ಮನೆಯಲ್ಲಾದರೂ ಸರಿ ಬಾಡು, ಅದು ಕಟ್ಟಳೆ. ಒಬ್ಬಳ ಮನೆಯಲ್ಲಿ ಸತತ ಮೂರು ದಿನ ಒಂದೇ ತಿಳಿಸಾರು ಹಾಕಿದ್ದರು ಎಂಬುದು ಹೊರಬಿದ್ದು, ಆ ಪುಣ್ಯಾತ್ಗಿತ್ತಿ ಮುಖ ಊದಿಸಿಕೊಂಡು ಎದ್ದು ಹೋಗಿ, ಮಾರನೇ ದಿನ ತಾನೇ ವಾಪಸ್ಸು ಬಂದಳು. ಬಾಂಡ್ಲಿ ಸಾಗಿಸುವ ಸಾಲಿನಲ್ಲಿ ಆ ಬೀದಿ ಈ ಬೀದಿ ಎಂಬುದಿಲ್ಲದೆ ನಿಂತವರು, ಊಟಕ್ಕೆ ಕೂರುವಾಗ ಎರಡು ಗುಂಪಾಗುತ್ತಿದ್ದರು ಎಂಬುದೂ ಮಾತಿನಲ್ಲಿ ಗೊತ್ತಾಯಿತು. ಅದು ಯಾಕೆ ಎಂದು ಕೇಳಿದೆ. ಎಲ್ಲರೂ ಒಟ್ಟಿಗೆ ಬೇರೆ ಮಾತು ತೆಗೆದರು. ಹೀಗೆ ಕೆಲವು ಮಧ್ಯಾಹ್ನ ಕಳೆಯುವುದರಲ್ಲಿ ಅಕ್ಕನ ದಿನಗಳು ತೊಂಬತ್ತು ದಾಟಿದವು.

ಅದನ್ನೆಲ್ಲ ಬರೆದುಕೊಂಡು ಅಕ್ಕನನ್ನು ಬಸ್ಸಿಗೆ ಹತ್ತಿಸಿಕೊಂಡು ಕಚೇರಿಗೆ ಹೋದೆ. ಅಧಿಕಾರಿ ನನಗಿಂತ ಚಿಕ್ಕ ವಯಸ್ಸಿನ ಹೆಂಗಸು. ಬಂದವರನ್ನು ನಿಲ್ಲಿಸಿ ಮಾತಾಡಿಸುವವರಲ್ಲ, ಕುರ್ಚಿ ತೋರಿಸಿದರು. ನಾನು ಓದುತ್ತ ಹೋದೆ, ಅವರು ಕೇಳುತ್ತ ಹೋದರು. ಮೂರು ದಿನದ ತಿಳಿಸಾರಿನ ಹತ್ತಿರ ನಗು ತಡೆಯಲಾಗದೆ ಪೆನ್ನು ಕೆಳಗಿಟ್ಟರು.

"ನಮ್ಮದು ದುದ್ದದ ಕಡೆ. ನಮ್ಮಜ್ಜಿ ನಾಟಿಗೆ ಮುಯ್ಯಾಳು ಅಂತಿದ್ರು. ಮನೆ ಕಟ್ಟೋಕೂ ಉಂಟಾ ಅದು?" ಎಂದರು. ಆ ಪ್ರಶ್ನೆ ಕೇಳಿದ ಧಾಟಿಯಲ್ಲೇ ಇವರೂ ನನ್ನ ಜಾತಿಯ ಪ್ರಾಣಿ ಎಂದು ಗೊತ್ತಾಯಿತು. ಪಾಯ ಯಾರು ತೋಡುತ್ತಾರೆ, ಹುಷಾರಿಲ್ಲದವಳ ಪಾಳಿ ಯಾರು ಮಾಡುತ್ತಾರೆ, ಒಬ್ಬಳ ಮನೆ ದೊಡ್ಡದು ಇನ್ನೊಬ್ಬಳದು ಚಿಕ್ಕದಾದರೆ ಲೆಕ್ಕ ಹೇಗೆ ಎಂದೆಲ್ಲ ಅಕ್ಕನನ್ನು ಕೇಳಿದರು. ಅಕ್ಕ ಹೇಳಿದಳು. ಕೊನೆಗೆ ಅಧಿಕಾರಿ ನಿಟ್ಟುಸಿರು ಬಿಟ್ಟು ಪರದೆಯನ್ನು ನಮ್ಮ ಕಡೆ ತಿರುಗಿಸಿದರು. "ಕೆಲಸ ಮಾಡಿದ್ದೀರಿ ಅಂತ ನಾನು ನಂಬ್ತೀನಿ. ಇಲ್ಲಿ ನೋಡಿ, ಪಡೆದ ಕೂಲಿ ಅಂತ ಒಂದು ಜಾಗ ಇದೆ. ಅದು ಖಾಲಿ ಇದ್ದರೆ ಇದು ಮುಂದಕ್ಕೇ ಹೋಗಲ್ಲ." ಸ್ವಲ್ಪ ಯೋಚಿಸಿ ಕೇಳಿದರು, "ಊಟ ಹಾಕಿದ್ದಾರಲ್ಲ. ಅದನ್ನೇ ಕೂಲಿ ಅಂತ ತೋರಿಸೋಣವಾ?"

ನಾನು ಖುಷಿಯಿಂದ ಕುರ್ಚಿಯ ತುದಿಗೆ ಬಂದೆ. ಅಕ್ಕ ಎದ್ದು ನಿಂತಳು.

"ಬ್ಯಾಡಿ ಮೇಡಮ್ಮೋರೆ. ಉಣ್ಣಾಕಿಕ್ಕಿದ್ನ ಕೂಲಿ ಅಂತ ಬರೆಸ್ಬುಟ್ಟು ನಾಳೀಕೆ ಅವ್ರ ಮುಂದೆ ಎಂಗೆ ನಿಂತ್ಕಳ್ಳಿ ನಾನು?"

ಅವಳ ತೊಡೆ ಚಿವುಟಿದೆ. ಪ್ರಯೋಜನವಾಗಲಿಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರೆ. ಇಲ್ಲಿ ಪೂಜಾರಿಯೇ ಕೊಡುತ್ತೇನೆ ಅಂದರೂ ಭಕ್ತೆ ಬೇಡ ಅನ್ನುತ್ತಿದ್ದಳು. ಅಧಿಕಾರಿಗೆ ಬೇಸರವಾದ ಹಾಗೆ ಕಾಣಲಿಲ್ಲ. ನಿಮ್ಮ ಮನೆಯ ಮೋಲ್ಡು ಯಾವತ್ತು ಎಂದು ಕೇಳಿದರು. ಬರುವ ಭಾನುವಾರ ಎಂದಳು ಅಕ್ಕ. ರೇಷನ್ ಕಾರ್ಡು ಬದಲಾಗುವ ಮುಂಚೆಯೇ ಮಂಜೂರಾಗಿದ್ದ ಅವಳ ಗ್ರಾಂಟಿನ ಕಂತು ತಡವಾಗಿ, ಗುಂಪಿನಲ್ಲಿ ಎಲ್ಲರ ಮನೆ ಆದಮೇಲೆ ಕೊನೆಗೆ ಅವಳ ಸರದಿ ಬಂದಿತ್ತು.

"ನಾನೇ ಬಂದು ನೋಡ್ತೀನಿ. ಆದರೆ ಕೂಲಿ ಸಿಕ್ಕಿದೆ ಅಂತ ನಿಮ್ಮ ಬಾಯಲ್ಲೇ ಬರಬೇಕು. ಇಲ್ಲದ್ದನ್ನ ಬರೆಯೋಕೆ ನನ್ನಿಂದ ಆಗಲ್ಲ. ತಿಂಗಳು ಮುಗಿದರೆ ಕಾರ್ಡೂ ಇಲ್ಲ, ಆಪರೇಷನ್ನಿಗೆ ಸಹಾಯವೂ ಇಲ್ಲ. ಅದು ನಿಮಗೆ ಗೊತ್ತಿರಲಿ" ಎಂದರು.

ವಾಪಸ್ಸು ಬರುವಾಗ ಬಸ್ಸಿನಲ್ಲಿ ನಾನು ದಾರಿಯುದ್ದ ಕೊರೆದೆ. ಒಂದು ಮಾತು, ಒಂದೇ ಒಂದು ಹೂಂ, ಅಷ್ಟರಲ್ಲಿ ನಿನ್ನ ಜೀವ ಉಳಿಯುತ್ತದೆ ಎಂದೆ. ಅವಳು ಕಿಟಕಿಯಾಚೆ ನೋಡುತ್ತಿದ್ದಳು. ನಾಲೆಯ ಏರಿ ದಾಟಿ ಕೊಕ್ಕರೆಗಳು ಬೆಳ್ಳೂರಿನ ಕಡೆ ಹಾರಿಹೋಗುತ್ತಿದ್ದವು, ಅವು ಅಲ್ಲಿ ಗೂಡು ಕಟ್ಟುವ ಕಾಲ.

"ಇವ್ಕೂ ಮೇಸ್ತ್ರಿ ಸಹಿ ಬೇಕಾ ಕೇಳ್ಬೇಕಿತ್ತು" ಅಂದಳು.

"ತಮಾಷೆ ಮಾಡ್ಬೇಡ" ಎಂದು ರೇಗಿದೆ.

"ತಮಾಸೆ ಅಲ್ಲ ಕಣವ್ವ. ನಂಗೂ ಭಯ ಐತೆ. ಕೂತ್ರೆ ನೋವು, ನಿಂತ್ರೆ ನೋವು. ಉಚ್ಚೆ ಉಯ್ಯಕೂ ಆಗಕಿಲ್ಲ ಒಂದೊಂದ್ ದಿನ." ಅದನ್ನು ಹೇಳಿ ಸೆರಗಿನಿಂದ ಕಣ್ಣೊರೆಸಿಕೊಂಡಳು. "ನೋಡಮ ಬುಡು, ಅವತ್ತು ಬಾಯ್ಗೆ ಏನು ಬತ್ತದೋ."

ಭಾನುವಾರ ಬೆಳಿಗ್ಗೆ ನಾನು ನೋಡಲಷ್ಟೇ ಹೋದೆ. ಈಶಾನ್ಯ ಮೂಲೆಯ ಕಂಬಿಗೆ ಅರಿಶಿನ ಕುಂಕುಮ ಇಟ್ಟು ಕಾಯಿ ಒಡೆದಿದ್ದರು. ಮಿಕ್ಸರು ಮಿಷಿನ್ನು ಗಡಗಡ ತಿರುಗುತ್ತಿತ್ತು. ಕೆಳಗಿನಿಂದ ಹಲಗೆಯ ಮೆಟ್ಟಿಲ ಮೇಲೆ, ಅಲ್ಲಿಂದ ತಾರಸಿಯ ತನಕ ಹೆಂಗಸರು ಸಾಲಾಗಿ ನಿಂತು ಕೈಯಿಂದ ಕೈಗೆ ಬಾಂಡ್ಲಿ ದಾಟಿಸುತ್ತಿದ್ದರು. ಖಾಲಿ ಬಾಂಡ್ಲಿಗಳು ಇನ್ನೊಂದು ಕಡೆಯಿಂದ ಹಾರಿಕೊಂಡು ಇಳಿಯುತ್ತಿದ್ದವು. ಮೋಲ್ಡು ಶುರುವಾದರೆ ನಿಲ್ಲಿಸುವಂತಿಲ್ಲ. ಅರ್ಧಕ್ಕೆ ನಿಂತು ಒಣಗಿದರೆ ಆ ಜಾಗದಲ್ಲಿ ತಾರಸಿ ಜನ್ಮಪೂರ್ತಿ ಸೋರುತ್ತದೆ. ಒಬ್ಬಳ ಮಗುವಿಗೆ ಮೈತುಂಬ 'ಅಮ್ಮ' ಎದ್ದು ಅವಳು ಬಂದಿರಲಿಲ್ಲ, ಸಾಲಿನಲ್ಲಿ ಒಂದು ಸಂದು ಬಿದ್ದಿತ್ತು. ಹಿಂದಲ ಮನೆಯವಳು ನನ್ನ ಕಡೆ ನೋಡಿ, "ಏನ್ ಕಂಪ್ಯೂಟ್ರವ್ವ, ಕಣ್ಣಲ್ಲೇ ಒತ್ತೀಯಾ, ಕೈಯಲ್ಲೂ ಒತ್ತೀಯಾ?" ಎಂದಳು. ಎಲ್ಲರೂ ನಕ್ಕರು. ನಾನು ಸೆರಗು ಸಿಕ್ಕಿಸಿ ಆ ಸಂದಿನಲ್ಲಿ ನಿಂತೆ.

ಅಯ್ಯೋ, ಆ ಭಾರ. ಮೊದಲ ಬಾಂಡ್ಲಿಗೇ ರಟ್ಟೆ ಕಳಚಿದ ಹಾಗಾಯಿತು. ಹೊಟ್ಟೆ ಬಿಗಿಹಿಡಿಯದೆ ಅದನ್ನು ಎತ್ತಲಾಗುವುದಿಲ್ಲ. ಪ್ರತಿ ಸಲ ಎತ್ತುವಾಗಲೂ ಕಿಬ್ಬೊಟ್ಟೆಯಲ್ಲಿ ಏನೋ ಕೆಳಕ್ಕೆ ಜಗ್ಗುತ್ತದೆ. ಅಕ್ಕನ ಕಾಯಿಲೆ ಏನೆಂದು ನನಗೆ ಅಲ್ಲಿ ತಿಳಿಯಿತು.

ಅಕ್ಕನನ್ನು ಹೊಂಗೆಮರದ ಕೆಳಗೆ ಒಂದು ಬಾಂಡ್ಲಿ ಬೋರಲು ಹಾಕಿ ಕೂರಿಸಿದ್ದರು. ಎದ್ದರೆ ಕಾಲು ಮುರೀತೀವಿ ಎಂದು ಹೆದರಿಸಿದ್ದರು. ತನ್ನ ಮನೆಯ ಮೋಲ್ಡಿಗೆ ತಾನು ಕೈಕಟ್ಟಿ ಕೂರುವುದು ಅವಳಿಗೆ ಎಂಥ ಸಂಕಟವೆಂದು ಮುಖದ ಮೇಲೇ ಕಾಣುತ್ತಿತ್ತು.

ಬಿಸಿಲು ಏರುವ ಹೊತ್ತಿಗೆ ಅಧಿಕಾರಿ ಸ್ಕೂಟರಿನಲ್ಲಿ ಬಂದರು. ಫೋಟೋ ತೆಗೆದರು. ಸಾಲಿನ ಒಬ್ಬೊಬ್ಬಳನ್ನೂ ಕೇಳಿಕೊಂಡು ಬಂದರು, ಇವತ್ತಿನ ಕೂಲಿ ಯಾರು ಕೊಡುತ್ತಾರೆ ಎಂದು. ಒಬ್ಬಳೂ ಕೈ ನಿಲ್ಲಿಸಲಿಲ್ಲ.

"ಕೂಲಿ ಯಾಕ್ರವ್ವ, ಅವ್ಳು ನಮ್ಮನೆಗೆ ಬಂದಿದ್ಲು."

"ನಮ್ಮನೆ ಪಾಯದಿಂದ ತಾರ್ಸಿಗಂಟ ಬಂದಿದ್ಲು. ನಂದಿನ್ನೂ ತೀರಿಲ್ಲ."

"ನಂಗೆ ಬಾಣಂತನ ಆಗಿತ್ತು, ನನ್ ಪಾಳೀನೂ ಅವ್ಳೇ ಒತ್ಲು."

ಅಧಿಕಾರಿ ಅಕ್ಕನ ಮುಂದೆ ಹೋಗಿ ಕುಕ್ಕರುಗಾಲಿನಲ್ಲಿ ಕೂತರು. ಅದೇ ಹೊತ್ತಿಗೆ ಡೀಸೆಲ್ ಹಾಕಲೆಂದು ಮೇಸ್ತ್ರಿ ಮಿಕ್ಸರು ಆಫ್ ಮಾಡಿದ. ಇದ್ದಕ್ಕಿದ್ದಂತೆ ಎಲ್ಲ ನಿಶ್ಶಬ್ದ. ಅವರು ಕೇಳಿದ್ದು ಮೆಟ್ಟಿಲ ಮೇಲಿದ್ದ ನಮಗೆಲ್ಲ ಕೇಳಿಸಿತು.

"ನೋಡಿ ಅಮ್ಮ, ಇದೊಂದೇ ಸಲ ಕೇಳೋದು. ಈ ವರ್ಷ ನೀವು ಮಾಡಿದ ಕೆಲಸಕ್ಕೆ ನಿಮಗೆ ಕೂಲಿ ಸಿಕ್ಕಿದೆಯಾ?"

ನನ್ನ ಕೈಯಲ್ಲಿ ತುಂಬಿದ ಬಾಂಡ್ಲಿ ಇತ್ತು. ಮೇಲಿನವಳು ಅದನ್ನು ಇಸಿದುಕೊಳ್ಳಲಿಲ್ಲ, ನಾನೂ ಕೊಡಲಿಲ್ಲ. ಹೂಂ ಅನ್ನಕ್ಕ, ಹೂಂ ಅನ್ನು ಎಂದು ಮನಸ್ಸಿನಲ್ಲೇ ಹಲ್ಲು ಕಚ್ಚಿದೆ. ಅವಳ ಗೆಳತಿಯರೆಲ್ಲ ಅವಳ ಬಾಯನ್ನೇ ನೋಡುತ್ತಿದ್ದರು. ಅಕ್ಕ ಒಂದು ಸಲ ನಮ್ಮ ಸಾಲನ್ನು ಕೆಳಗಿನಿಂದ ತಾರಸಿಯ ತನಕ ನೋಡಿದಳು.

"ಈಸ್ಕತಾ ಇವ್ನಲ್ಲ ಮೇಡಮ್ಮೋರೆ" ಅಂದಳು. ಕೈಯೆತ್ತಿ ನಮ್ಮನ್ನು ತೋರಿಸಿದಳು. "ಅಗೊ, ಮ್ಯಾಲಕ್ಕೆ ಓಯ್ತಾ ಐತಲ್ಲ, ಅದೇಯ. ಅವ್ರ ಮನೆ ಮ್ಯಾಲೆ ನಾನು ಒತ್ತಿದ್ದೆ. ನನ್ ಮನೆ ಮ್ಯಾಲೆ ಇವತ್ತು ಅವ್ರು ಒರ್ತಾವ್ರೆ. ನಂಗೇನು ಬಾಕಿ ಇಲ್ಲ, ಎಲ್ಲಾನೂ ಬಂತು ಅಂತ ಬರ್ಕಳಿ."

ಅಧಿಕಾರಿ ತಲೆಯೆತ್ತಿ ತಾರಸಿಯನ್ನು ನೋಡಿದರು. ಆಮೇಲೆ ಫೋನು ಕೈಗೆ ತಗೊಂಡು, "ಎಷ್ಟು ಅಂತ ಬರೀಲಿ?" ಎಂದರು.

"ಒಂದ್ ತಾರ್ಸಿ ಅಂತ ಬರ್ಕಳಿ" ಎಂದಳು ಹಿಂದಲ ಮನೆಯವಳು ಮೇಲಿನಿಂದ.

ಸಾಲಿಗೆ ಸಾಲೇ ನಕ್ಕುಬಿಟ್ಟಿತು. ನಗುತ್ತಲೇ ನನಗೆ ಕಣ್ಣು ತುಂಬಿ ಬಂತು. ಮಿಕ್ಸರು ಮತ್ತೆ ತಿರುಗತೊಡಗಿತು. ಅಧಿಕಾರಿ ಆ ಜಾಗದಲ್ಲಿ ಏನು ಬರೆದರೋ ನೋಡೋಣವೆಂದು ಊಟದ ಹೊತ್ತಿನಲ್ಲಿ ಇಣುಕಿದೆ. ಫೋನು ಆ ಕಡೆ ತಿರುಗಿಸಿಕೊಂಡರು. ಕಾರ್ಡು ಚಾಲ್ತಿಯಾದ ಸಂದೇಶ ತಿಂಗಳು ಮುಗಿಯುವ ಮೊದಲೇ ಬಂತು, ಅದಂತೂ ನನಗೆ ಗೊತ್ತು.

ಮಂಡ್ಯದಲ್ಲಿ ಆಪರೇಷನ್ನಾಯಿತು. ಜೊತೆಗೆ ನಾನೂ ಹೋಗಿದ್ದೆ. ಅಲ್ಲಿಯ ಡಾಕ್ಟರು ಅವಳನ್ನು ಯಾವ ಸರ್ಟಿಫಿಕೇಟೂ ಕೇಳಿರಲಿಲ್ಲ. ಪರೀಕ್ಷೆ ಮಾಡಿದವರೇ, ಎಷ್ಟು ವರ್ಷದಿಂದ ಭಾರ ಹೊರುತ್ತಿದ್ದೀಯಮ್ಮ ಎಂದಷ್ಟೇ ಕೇಳಿದ್ದರು. ಮನೆಗೆ ಕಳಿಸುವಾಗ, ಇನ್ನು ಮೇಲೆ ತುಂಬಿದ ಬಿಂದಿಗೆಯನ್ನೂ ಎತ್ತಕೂಡದು ಎಂದರು. ಸಹಾಯಧನ ನಿಧಾನವಾಗಿ ಬಂತು, ಬಂದದ್ದೇ ಪುಣ್ಯ. ನನ್ನ ತಲೆಯ ಹುಳ ಮಾತ್ರ ಹೋಗಲಿಲ್ಲ. ಭಾರ ಹೊತ್ತರೆ ಕಾರ್ಡು. ಕಾರ್ಡಿದ್ದರೆ ಆಪರೇಷನ್ನು. ಆಪರೇಷನ್ನಾದರೆ ಭಾರ ಹೊರುವಂತಿಲ್ಲ. ಹೊರದಿದ್ದರೆ ಮುಂದಿನ ಸಲ ಕಾರ್ಡಿಲ್ಲ. ಯಾವ ಬುದ್ಧಿವಂತ ಇದನ್ನು ಹೀಗೆ ಸುತ್ತಿಸಿಟ್ಟನೋ, ಸಿಕ್ಕಿದರೆ ಅವನನ್ನೂ ಯಾಕೆ ಅಂತ ಕೇಳಬೇಕು.

ಆಪರೇಷನ್ನಾಗಿ ಕೆಲವು ವಾರ ಕಳೆದು, ಅವರೆಕಾಯಿ ಇನ್ನೂ ಸೊಗಡಿನಲ್ಲಿದ್ದಾಗ, ಒಂದು ಬೆಳಿಗ್ಗೆ ಅಕ್ಕ ನಮ್ಮ ಮನೆ ಬಾಗಿಲಿಗೆ ಬಂದಳು. ಮೈ ಇಳಿದಿತ್ತು, ಮುಖ ತಿಳಿಯಾಗಿತ್ತು.

"ಯೋಳು, ನಿಂಗೇನ್ ಕ್ಯಾಮೆ ಐತೆ?" ಎಂದಳು.

"ನನಗ್ಯಾವ ಕೆಲಸ? ಒಳಗೆ ಬಾ, ಕಾಫಿ ಕುಡಿ."

"ಕಾಪಿ ಆಮ್ಯಾಕೆ. ಮೋಲ್ಡಿನ್ ದಿನ ನೀನೂ ಬಾಂಡ್ಲಿ ಇಡ್ದಿದ್ದೆ. ನಿನ್ ಮುಯ್ಯಿ ನನ್ ಮ್ಯಾಲೈತೆ."

ಬೇಡ ಅನ್ನಲು ಬಾಯಿ ತೆರೆದೆ. ಅವಳ ಮುಖ ನೋಡಿ ಮುಚ್ಚಿಕೊಂಡೆ. ಈ ಊರಿಗೆ ಬಂದು ಇಷ್ಟು ವರ್ಷವಾದರೂ ನನ್ನ ಬಾಗಿಲಿಗೆ ಮುಯ್ಯಿ ತೀರಿಸಲು ಬಂದವರಲ್ಲಿ ಅವಳೇ ಮೊದಲನೆಯವಳು. ಒಳಗಿನಿಂದ ಅವರೆಕಾಯಿ ಕುಕ್ಕೆ ತಂದು ಅವಳ ಮುಂದಿಟ್ಟೆ. ಜಗುಲಿಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ನೋವಿಲ್ಲದೆ ಕೂತು, ಅವಳು ಸುಲಿಯತೊಡಗಿದಳು. ನಾನೂ ಎದುರಿಗೆ ಕೂತೆ. ಕೇಳದೆ ಇರಲಾಗಲಿಲ್ಲ.

"ಬರೋ ವರ್ಷ ಆ ತೊಂಬತ್ತು ದಿನ ಎಲ್ಲಿಂದ ತರ್ತೀಯಕ್ಕ?"

ಅವಳು ತಲೆಯೆತ್ತಲಿಲ್ಲ. ಕಾಳನ್ನು ಮೊರಕ್ಕೆ ಬಿಡುತ್ತ ಕೇಳಿದಳು, "ಇವತ್ತು ನಿಮ್ಮನೇಲಿ ಸಾರೇನು?"

"ಹಿದುಕಿದವರೆ."

"ಅಂಗಾರೆ ಒಂದ್ ದಿನ ಆಯ್ತಲ್ಲ" ಅಂದಳು.